ಗಂಡಿ ದಾಟಿ ಎಡಕ್ಕೆ

ಎಲ್ಡರ್ ಸ್ಕ್ರೋಲ್ಸ್ ಎಂಬ ಕಂಪ್ಯೂಟರ್ ಆಟಗಳ ಸರಣಿಯಲ್ಲಿ ಮುಖ್ಯ ಆಟಗಳು ಐದು. 1994ರಲ್ಲಿ ಅರೀನಾ, 1996ರಲ್ಲಿ ಡ್ಯಾಗರ್‌ಫಾಲ್, 2002ರಲ್ಲಿ ಮಾರೋವಿಂಡ್, 2006ರಲ್ಲಿ ಒಬ್ಲಿವಿಯನ್, 2011ರಲ್ಲಿ ಸ್ಕೈರಿಮ್. ಇವನ್ನು ರೂಪಿಸಿದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಸಂಸ್ಥೆ. ಎಲ್ಲವೂ ನಡೆಯುವುದು ಟ್ಯಾಮ್ರಿಯೆಲ್ ಎಂಬ ಕಲ್ಪಿತ ಖಂಡದಲ್ಲಿ. ಅಲ್ಲಿ ಮಂತ್ರ, ಮಾಯೆ, ದೇವರುಗಳು, ಡ್ರ್ಯಾಗನ್ನುಗಳು ಎಲ್ಲ ಉಂಟು. ಆರನೆಯ ಆಟವನ್ನು 2018ರಲ್ಲೇ ಸಾರಿದರು. ಅದರ ದಾರಿ ಕಾಯುವುದೇ ಈಗ ಒಂದು ಆಟವಾಗಿಬಿಟ್ಟಿದೆ. ಈ ಬಿಡುವಿನಲ್ಲಿ ಅಭಿಮಾನಿಗಳ ನಡುವೆ ಮುಗಿಯದೆ ಉಳಿದ ಜಗಳ ಒಂದೇ: ಹಳೆಯ ಮಾರೋವಿಂಡ್ ಮೇಲೋ, ಹೊಸ ಸ್ಕೈರಿಮ್ ಮೇಲೋ?

ಇವು ಪಾತ್ರ ಹಾಕುವ ಆಟಗಳು. ಆಡುವವರು ಒಂದು ವೇಷ ತೊಟ್ಟು ಕಥೆಯೊಳಗೆ ಇಳಿಯಬೇಕು. ಬಳ್ಳಾರಿ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ದೊಡ್ಡಾಟದಲ್ಲಿ ಪಾತ್ರಧಾರಿ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ತಾವು ಯಾರು, ಯಾವ ದೇಶ, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ತನ್ನ ಹೆಸರು, ಬಿರುದು ಹೇಳಿಕೊಂಡ ಮೇಲೆಯೇ ಕಥೆ ಮುಂದೆ ಸಾಗುತ್ತದೆ. ಮಾರೋವಿಂಡ್ ಶುರುವಾಗುವುದೂ ಹೀಗೆಯೇ. ಹಡಗಿನ ಹೊಟ್ಟೆಯಲ್ಲಿ ಕೈದಿಯಾಗಿ ಕಣ್ಣುಬಿಟ್ಟಾಗ ಪಕ್ಕದ ಕೈದಿ ಹೆಸರು ಕೇಳುತ್ತಾನೆ, ದಡದಲ್ಲಿ ಕಾವಲುಗಾರ ಜನಾಂಗ ಕೇಳುತ್ತಾನೆ, ಕಚೇರಿಯ ಮುದಿ ಗುಮಾಸ್ತ ಕಸುಬು ಮತ್ತು ಜನ್ಮನಕ್ಷತ್ರ ಬರೆದುಕೊಳ್ಳುತ್ತಾನೆ. ಕೈಗೆ ಕಾಗದ ಸಿಕ್ಕ ಮೇಲೆ ಬಾಗಿಲು ತೆರೆಯುತ್ತದೆ. ಆಚೆಗೆ ವಾರ್ಡೆನ್‌ಫೆಲ್ ಎಂಬ ದ್ವೀಪವಿಡೀ ಬಯಲಾಗಿ ಬಿದ್ದಿರುತ್ತದೆ. ಎತ್ತ ಬೇಕಾದರೂ ನಡೆಯಬಹುದು. ಇಂಥ ಆಟಗಳಿಗೆ ಕನ್ನಡದಲ್ಲಿ ಬಯಲಾಟ ಎಂದೇ ಹೆಸರಿಡಬಹುದಿತ್ತು, ಆ ಹೆಸರು ಆಗಲೇ ಬೇರೆಯವರ ಪಾಲಾಗಿರದಿದ್ದರೆ.

ಹಳತು ಹೊಸತರ ಅಂತರ ಚಿತ್ರಗಳ ಚೆಂದದಲ್ಲಿದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ನಿಜವಾದ ಅಂತರ ಇರುವುದು ದಾರಿ ಹೇಳುವ ರೀತಿಯಲ್ಲಿ. ಅದೊಂದು ಬದಲಾದದ್ದರಿಂದ ಉಳಿದ ಅನೇಕ ಸಂಗತಿಗಳು ತಾವಾಗಿ ಬದಲಾದವು.

ಬಳ್ಳಾರಿ ಸೀಮೆಯ ಸಂಡೂರಿನ ಭೂಗೋಳ ಇದನ್ನು ತಿಳಿಯಲು ಒಳ್ಳೆಯ ಅಳತೆಗೋಲು. ಊರು ಕೂತಿರುವುದು ಸುತ್ತಲೂ ಬೆಟ್ಟಸಾಲು ಕಟ್ಟಿದ ಕಣಿವೆಯಲ್ಲಿ. ನಾರಿಹಳ್ಳ ಆ ಸಾಲನ್ನು ಸೀಳಿದ ಕಡೆ ಭೀಮಗಂಡಿ, ಓಬಳಗಂಡಿ ಎಂಬ ಕಿರಿದಾದ ಬಾಯಿಗಳಿವೆ. ಹಿಂದಿನ ಕಾಲದಲ್ಲಿ ಹೊರಗಿನವರು ಕುಮಾರಸ್ವಾಮಿ ಬೆಟ್ಟಕ್ಕೋ ರಾಮನದುರ್ಗಕ್ಕೋ ಹೊರಟರೆ ದಾರಿ ಸಿಗುತ್ತಿದ್ದದ್ದು ಬಾಯಿಮಾತಿನಲ್ಲಿ. ಗಂಡಿ ದಾಟು, ಹಳ್ಳ ಬಲಕ್ಕೆ ಬಿಡು, ದಿನ್ನೆ ಏರಿದರೆ ಹುಣಸೆ ಮರ, ಅಲ್ಲಿಂದ ಕವಲು. ಹೀಗೆ ದಾರಿ ಹೇಳಿಸಿಕೊಂಡವರು ಕಣ್ಣುಬಿಟ್ಟು ನಡೆಯಲೇಬೇಕು. ಹಳ್ಳ ಯಾವುದು, ಕಾಲುವೆ ಯಾವುದು, ದಿನ್ನೆ ಇದೋ ಅದೋ ಎಂದು ನೆಲದ ಜೊತೆ ಮಾತು ಬೆಳೆಯುತ್ತದೆ. ಮೊಬೈಲಿನ ನೀಲಿ ಗೆರೆ ಹಿಡಿದು ಹೋದವರೂ ತಲುಪುತ್ತಾರೆ, ಬೇಗನೇ ತಲುಪುತ್ತಾರೆ. ಆದರೆ ಹಳ್ಳ ಯಾವ ಕಡೆ ಇತ್ತು ಎಂದು ಕೇಳಿದರೆ ನೆನಪಿರುವುದಿಲ್ಲ.

ಮಾರೋವಿಂಡ್ ಬಾಯಿಮಾತಿನ ಕಾಲದ ಆಟ. ಮೊದಲ ದಿನಗಳಲ್ಲೇ ಬಾಲ್ಮೋರಾ ಪಟ್ಟಣದ ಒಬ್ಬ ಪಂಡಿತ ಆರ್ಕಂಗ್‌ಥಾಂಡ್ ಎಂಬ ಪಾಳು ಪಟ್ಟಣದಿಂದ ಒಂದು ಸಣ್ಣ ಪೆಟ್ಟಿಗೆ ತಂದುಕೊಡಲು ಹೇಳುತ್ತಾನೆ. ಡ್ವೆಮರ್ ಎಂಬ ಕುಲದವರು ಕಟ್ಟಿದ ಪಟ್ಟಣ ಅದು. ಆ ಕುಲ ಒಂದೇ ಕ್ಷಣದಲ್ಲಿ ಲೋಕದಿಂದ ಮಾಯವಾಯಿತಂತೆ. ನಕ್ಷೆಯ ಮೇಲೆ ಗುರುತು ಬೀಳುವುದಿಲ್ಲ. ಪೂರ್ವಕ್ಕೆ ಸೈನ್ಯದ ಕೋಟೆ, ಅದರಾಚೆ ಹಿಂದೊಮ್ಮೆ ಲಾವಾ ಹರಿದ ಕೊರಕಲು, ಕೊರಕಲಿನ ಮೇಲೆ ಹಳೆಯ ಸೇತುವೆ, ಸೇತುವೆಯಾಚೆ ಬೆಟ್ಟದ ಬದಿಯಲ್ಲಿ ಪಾಳು. ಇಷ್ಟನ್ನು ಅಕ್ಷರದಲ್ಲಿ ಬರೆದಿರುತ್ತದೆ. ಅಂಥ ಕೊರಕಲಿಗೆ ಆ ನಾಡಿನವರು ಫೊಯಾಡಾ ಎನ್ನುತ್ತಾರೆ. ನಮ್ಮ ಗಂಡಿಗೆ ಹತ್ತಿರದ ಮಾತು. ತಲುಪಿದ ಮೇಲೂ ಬಾಗಿಲು ಸುಮ್ಮನೆ ತೆರೆಯದು. ಹೊರಗಿನ ಕೊಳವೆಯ ಮೇಲಿರುವ ತಿರುಗಣೆಯನ್ನು ಹುಡುಕಿ ತಿರುಗಿಸಬೇಕು. ಒಳಗೆ ಆ ಪೆಟ್ಟಿಗೆ ಸಾಮಾನಿನ ನಡುವೆ ಕಪಾಟಿನ ಮೇಲೆ ಕೂತಿರುತ್ತದೆ, ಮೇಲೆ ಹೊಳಪಿಲ್ಲ, ಬಾಣವಿಲ್ಲ. ಎದುರಿಗೇ ಇದ್ದದ್ದನ್ನು ಕಾಣದೆ ಗಂಟೆಗಟ್ಟಲೆ ಸುತ್ತಿದವರ ಸಂಖ್ಯೆ ದೊಡ್ಡದು, ಅವರು ಇಪ್ಪತ್ತು ವರ್ಷದ ಮೇಲೂ ಅದನ್ನು ನೆನೆದು ಬೈಯುತ್ತಾರೆ. ಬೈಯುವಾಗಿನ ಅವರ ಮುಖ ಮಾತ್ರ ಅರಳಿರುತ್ತದೆ.

ಹಳೆಯ ಪದ್ಧತಿಯಲ್ಲಿ ದೋಷವಿಲ್ಲವೆಂದಲ್ಲ. ಮಾರೋವಿಂಡ್‌ನಲ್ಲಿ ಕೆಲವರು ಹೇಳುವ ದಿಕ್ಕೇ ತಪ್ಪು. ಪಶ್ಚಿಮ ಎನ್ನಬೇಕಾದಲ್ಲಿ ಪೂರ್ವ ಎಂದಿರುತ್ತದೆ. ಪಾತ್ರ ಸುಳ್ಳಾಡಿತೋ, ಬರೆದವರು ಎಡವಿದರೋ ಆಡುವವರಿಗೆ ಗೊತ್ತಾಗದು. ಆಟದ ದಿನಚರಿ ಪುಸ್ತಕ ಮೊದಲ ಆವೃತ್ತಿಯಲ್ಲಿ ವಿಷಯವಾರು ವಿಂಗಡಣೆಯಿಲ್ಲದ ಒಂದೇ ಉದ್ದನೆಯ ಸುರುಳಿಯಾಗಿತ್ತು. ವಾರ ಬಿಟ್ಟು ಬಂದರೆ ಯಾವ ಕೆಲಸ ಎಲ್ಲಿಗೆ ನಿಂತಿತ್ತೆಂದು ಹುಡುಕುವುದೇ ಒಂದು ಕೆಲಸ. ಜೊತೆಗೆ ದಾರಿಯುದ್ದಕ್ಕೂ ತಲೆಯ ಮೇಲೆ ಎರಗುವ ಕ್ಲಿಫ್ ರೇಸರ್ ಎಂಬ ಹಾರುವ ಪ್ರಾಣಿಗಳು. ಅವುಗಳ ಪರವಾಗಿ ವಾದಿಸುವ ಅಭಿಮಾನಿ ಈವರೆಗೆ ಹುಟ್ಟಿದಂತಿಲ್ಲ.

ದೂರ ಹೋಗಲು ವಾಹನಗಳಿವೆ. ಸಿಲ್ಟ್ ಸ್ಟ್ರೈಡರ್ ಎಂಬ ಮನೆಯೆತ್ತರದ ಕೀಟದ ಬೆನ್ನ ಮೇಲೆ ಕೂತು ದುಡ್ಡು ಕೊಟ್ಟರೆ ಪಟ್ಟಣದಿಂದ ಪಟ್ಟಣಕ್ಕೆ ಒಯ್ಯುತ್ತದೆ. ಆದರೆ ಮಾರ್ಗ ನಿಗದಿ, ಸಂಡೂರಿನಿಂದ ಹೊಸಪೇಟೆಗೆ ಬಂದು ಬಸ್ ಬದಲಿಸಿ ಕಂಪ್ಲಿಗೆ ಹೋದಂತೆ. ಸಡ್ರಿತ್ ಮೋರಾ ಎಂಬ ದೂರದ ಊರಿಗೆ ಸ್ಟ್ರೈಡರ್ ಇಲ್ಲವೇ ಇಲ್ಲ. ಹಡಗು ಹತ್ತಬೇಕು, ಇಲ್ಲವೇ ಮಾಂತ್ರಿಕರ ಸಂಘದವರ ದಾರಿ ಹಿಡಿಯಬೇಕು. ಹೀಗಾಗಿ ಯಾವ ಊರು ಯಾವುದಕ್ಕೆ ಹತ್ತಿರ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂಬುದು ಆಡುವವರ ತಲೆಯಲ್ಲಿ ತಾನಾಗಿ ಕೂತುಬಿಡುತ್ತದೆ.

ಒಬ್ಲಿವಿಯನ್ ಇದನ್ನೆಲ್ಲ ಒಂದೇ ಏಟಿಗೆ ಸರಿಸಿತು. ಪರದೆಯ ಕೆಳಗೆ ದಿಕ್ಸೂಚಿ, ಅದರ ಮೇಲೆ ಹೋಗಬೇಕಾದ ಜಾಗದ ಬಾಣ. ದೊಡ್ಡ ಪಟ್ಟಣಗಳಿಗಂತೂ ಮೊದಲ ದಿನದಿಂದಲೇ ನಕ್ಷೆಯ ಮೇಲೆ ಒತ್ತಿದರೆ ಸಾಕು, ಕ್ಷಣದಲ್ಲಿ ಅಲ್ಲಿರಬಹುದು. ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಆಡುವವರು ಸೋಮಾರಿಗಳಾದರು ಎಂಬುದು. ಅದು ಅರ್ಧ ನಿಜವೂ ಅಲ್ಲ. ಹೆಚ್ಚು ತೂಕದ ಕಾರಣ ದನಿ. ಮಾರೋವಿಂಡ್‌ನ ಮಾತುಕತೆ ಬಹುಪಾಲು ಅಕ್ಷರದಲ್ಲಿತ್ತು. ಪಾತ್ರಗಳು ಬಾಯಲ್ಲಿ ಆಡುತ್ತಿದ್ದದ್ದು ಒಂದೆರಡು ಸ್ವಾಗತದ, ಬೆದರಿಕೆಯ ಸಾಲು ಮಾತ್ರ. ಅಕ್ಷರ ಅಗ್ಗ. ದಾರಿ ಹೇಳಲು ಹತ್ತು ಸಾಲು ಬೇಕಾದರೆ ಹತ್ತು ಬರೆಯಬಹುದು, ಬೆಟ್ಟವನ್ನು ಆಚೀಚೆ ಸರಿಸಿದರೆ ಸಾಲನ್ನೂ ತಿದ್ದಬಹುದು. ಒಬ್ಲಿವಿಯನ್‌ನಲ್ಲಿ ಪ್ರತಿಯೊಂದು ಮಾತಿಗೂ ನಟರ ದನಿ ಬಂತು. ಸಾಯುವ ಚಕ್ರವರ್ತಿಗೆ ಪ್ಯಾಟ್ರಿಕ್ ಸ್ಟುವರ್ಟ್, ಅವನ ಮಗನಿಗೆ ಶಾನ್ ಬೀನ್. ದನಿ ಹಿಡಿಯಲು ದುಡ್ಡು ಬೇಕು, ಡಿಸ್ಕಿನಲ್ಲಿ ಜಾಗ ಬೇಕು, ಒಮ್ಮೆ ಹಿಡಿದದ್ದನ್ನು ತಿದ್ದುವುದು ಕಷ್ಟ. ಮೊದಲು ಕತ್ತರಿ ಬಿದ್ದದ್ದು ಉದ್ದನೆಯ ದಾರಿವಿವರಣೆಗೆ. ಸೋಫಾದ ಮೇಲೆ ಕೂತು ಟೀವಿಯಲ್ಲಿ ಆಡುವವರಿಗೆ ಸಣ್ಣ ಅಕ್ಷರ ಓದುವುದು ಕಷ್ಟ ಎಂಬುದೂ ಇದಕ್ಕೆ ಸೇರಿತು. ಪಾತ್ರಗಳಿಗೆ ದನಿ ಬಂತು, ಮಾತು ಕಡಿಮೆಯಾಯಿತು. ಆ ಖಾಲಿ ಜಾಗಕ್ಕೆ ಬಾಣ ಬಂದು ಕೂತಿತು.

ಸ್ಕೈರಿಮ್ ಹೊತ್ತಿಗೆ ಎಪ್ಪತ್ತಕ್ಕೂ ಹೆಚ್ಚು ನಟರು, ಅರವತ್ತು ಸಾವಿರದಷ್ಟು ಸಾಲುಗಳು. ಬಾಣ ಬೇಡವಾದರೆ ಅದನ್ನು ಆರಿಸಬಹುದಲ್ಲ, ಹಳಬರಿಗೇನು ತಕರಾರು ಎಂದು ಹೊಸಬರು ಕೇಳುವುದುಂಟು. ಆರಿಸಿ ನೋಡಿದರೆ ಉತ್ತರ ಸಿಗುತ್ತದೆ. ಇಂಥ ಗುಹೆಯಿಂದ ಇಂಥ ವಸ್ತು ತಾ ಎಂದು ಪಾತ್ರ ಹೇಳುತ್ತದೆ. ಗುಹೆ ಯಾವ ದಿಕ್ಕಿಗೆ, ಯಾವ ಹೊಳೆಯ ಪಕ್ಕ ಎಂದು ಬಹುತೇಕ ಹೇಳುವುದೇ ಇಲ್ಲ. ಬಾಣವಿಲ್ಲದೆ ಆಟ ಮುಂದೆ ಸಾಗುವುದಿಲ್ಲ. ಅದು ಅನುಕೂಲಕ್ಕೆ ಸೇರಿಸಿದ ಊರುಗೋಲಾಗಿ ಬಂದು ಆಟದ ಬೆನ್ನೆಲುಬಾಗಿಬಿಟ್ಟಿದೆ.

ಬಾಣ ಬರುವ ಮೊದಲೇ ನೆಲದ ಅಳತೆ ಬೇರೆಯಾಗಿತ್ತು. ಡ್ಯಾಗರ್‌ಫಾಲ್‌ನ ನಾಡು ಸುಮಾರು 1,60,000 ಚದರ ಕಿಲೋಮೀಟರ್ ಎಂದು ಲೆಕ್ಕ. ಕರ್ನಾಟಕದ ವಿಸ್ತೀರ್ಣವೇ 1,91,791. ಹದಿನೈದು ಸಾವಿರ ಊರು, ಗುಡಿ, ಗವಿಗಳನ್ನು ಕೈಯಿಂದ ಕಟ್ಟಿದ್ದಲ್ಲ; ಹೆಚ್ಚಿನದನ್ನು ಕಂಪ್ಯೂಟರೇ ಸೂತ್ರದ ಪ್ರಕಾರ ಹೆಣೆದದ್ದು. ಅದಕ್ಕೇ ಒಂದು ಊರು ನೋಡಿದರೆ ನೂರು ಊರು ನೋಡಿದಂತೆ, ನಡುವೆ ನಡೆಯಲು ಯಾರಿಗೂ ಮನಸ್ಸಾಗದು. ಮಾರೋವಿಂಡ್ ಈ ಹುಚ್ಚು ಬಿಟ್ಟು ನಾಡನ್ನು ಒಂದೇ ದ್ವೀಪಕ್ಕೆ ಇಳಿಸಿತು, ಪ್ರತಿ ಕಲ್ಲನ್ನೂ ಕೈಯಾರೆ ಇಟ್ಟಿತು. ಸರಣಿಯಲ್ಲಿ ನಡೆದ ಅತಿ ದೊಡ್ಡ ಬದಲಾವಣೆ ನಿಜಕ್ಕೂ ಇದೇ. ಹಳೆಯದು ಎಂದರೆ ಮಾರೋವಿಂಡ್ ಎನ್ನುವವರು ಅದಕ್ಕೂ ಹಳೆಯದೊಂದಿತ್ತು ಎಂಬುದನ್ನು ಮರೆಯುತ್ತಾರೆ. ಸ್ಕೈರಿಮ್ ಸುಮಾರು 40 ಚದರ ಕಿಲೋಮೀಟರ್. ಘೋರ್ಪಡೆಯವರ ಸಂಡೂರು ಸಂಸ್ಥಾನ ಬ್ರಿಟಿಷರ ಕಾಲದ ಚಿಕ್ಕ ಸಂಸ್ಥಾನಗಳಲ್ಲಿ ಒಂದು, ಅದರ ಹತ್ತನೆಯ ಒಂದು ಪಾಲಿನಷ್ಟು ನೆಲದಲ್ಲಿ ಸ್ಕೈರಿಮ್‌ನ ರಾಜ್ಯವಿಡೀ ಅಡಗುತ್ತದೆ. ಮಾರೋವಿಂಡ್ ಅದಕ್ಕಿಂತ ಚಿಕ್ಕದು. ಆದರೂ ಆಡಿದವರ ನೆನಪಿನಲ್ಲಿ ದೊಡ್ಡದಾಗಿ ಉಳಿದಿರುವುದು ಅದೇ. ನಡಿಗೆ ನಿಧಾನ, ದಾರಿ ಸುತ್ತುಬಳಸು, ಸುತ್ತ ಮಂಜು. ಆ ಮಂಜು ಅಂದಿನ ಯಂತ್ರಗಳ ಬಡತನದ ಫಲ. ದೂರದ್ದನ್ನು ಬಿಡಿಸಿ ತೋರಿಸುವ ಶಕ್ತಿ ಅವಕ್ಕಿರಲಿಲ್ಲ. ಈಗ ಅಭಿಮಾನಿಗಳು ಮಾಡಿದ ತಿದ್ದುಪಡಿ ಹಾಕಿ ಮಂಜು ಸರಿಸಿದರೆ ಒಂದು ಊರಿನಿಂದ ಇನ್ನೊಂದು ಊರು ಕಾಣುತ್ತದೆ, ದೈತ್ಯ ಜ್ವಾಲಾಮುಖಿ ಹಿತ್ತಲಿನ ಗುಡ್ಡದಂತಾಗುತ್ತದೆ. ಮಳೆಗಾಲದ ಮೋಡ ಸರಿದ ಮೇಲೆ ಸಂಡೂರಿನ ಬೆಟ್ಟಗಳು ಹತ್ತಿರ ಬಂದು ನಿಂತಂತೆ ಕಾಣುವುದಿಲ್ಲವೇ, ಹಾಗೆ.

ಪಾತ್ರದ ಲೆಕ್ಕಾಚಾರದಲ್ಲಿಯೂ ಇಳಿಕೆಯ ಸಾಲೇ ಕಾಣುತ್ತದೆ. ಮಾರೋವಿಂಡ್‌ನಲ್ಲಿ ಕೌಶಲಗಳು 27, ಒಬ್ಲಿವಿಯನ್‌ನಲ್ಲಿ 21, ಸ್ಕೈರಿಮ್‌ನಲ್ಲಿ 18. ಬಲ, ಬುದ್ಧಿ, ಚುರುಕು, ಅದೃಷ್ಟ ಮೊದಲಾದ ಎಂಟು ಗುಣಗಳು ಸ್ಕೈರಿಮ್‌ನಲ್ಲಿ ಮಾಯವಾಗಿ ಆರೋಗ್ಯ, ಮಂತ್ರಶಕ್ತಿ, ಕಸುವು ಎಂಬ ಮೂರೇ ಉಳಿದವು. ಈ ಸಂಖ್ಯೆಗಳನ್ನು ಅವನತಿಯ ಪುರಾವೆಯಾಗಿ ಮುಂದಿಡುವುದು ರೂಢಿ. ಅದು ಪೂರ್ತಿ ನ್ಯಾಯವಲ್ಲ. ಮಾರೋವಿಂಡ್‌ನ ಹೊಡೆದಾಟ 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನಾಟದ ದಾಳದ ಮೇಲೆ ನಿಂತಿತ್ತು. ಕತ್ತಿ ಶತ್ರುವಿನ ಮೈ ತೂರಿ ಹೋದಂತೆ ಕಣ್ಣಿಗೆ ಕಂಡರೂ ಒಳಗೆ ದಾಳ ಸರಿ ಬೀಳದಿದ್ದರೆ ಏಟು ತಗುಲಲಿಲ್ಲ ಎಂದೇ ಅರ್ಥ. ಓಡಿ ಬಂದು ದಣಿದಿದ್ದರೆ ದಾಳ ಇನ್ನಷ್ಟು ಕೈಕೊಡುತ್ತದೆ. ಇದು ಗೊತ್ತಿಲ್ಲದ ಹೊಸಬರು ಒಂದು ಇಲಿಯ ಮುಂದೆ ಕತ್ತಿ ಬೀಸಿ ಬೀಸಿ ಸತ್ತು, ಆಟವನ್ನೇ ಮುಚ್ಚಿಟ್ಟದ್ದಿದೆ. ಮೇಜಿನ ಸುತ್ತ ಕೂತಾಗ ಏಟು ಯಾಕೆ ತಪ್ಪಿತೆಂದು ಆಟ ನಡೆಸುವವರು ಬಣ್ಣಿಸಿ ಹೇಳುತ್ತಾರೆ. ಕಣ್ಣೆದುರು ಚಿತ್ರವಿರುವಾಗ ಚಿತ್ರ ಒಂದು ಹೇಳಿ ಲೆಕ್ಕ ಇನ್ನೊಂದು ಹೇಳಿದರೆ ನಂಬುವುದು ಯಾವುದನ್ನು? ಒಬ್ಲಿವಿಯನ್ ಈ ಅಡ್ಡಿ ತೆಗೆದದ್ದು ಒಳ್ಳೆಯದೇ ಆಯಿತು.

ಒಬ್ಲಿವಿಯನ್ ಎಡವಿದ್ದು ಬೇರೆ ಕಡೆ. ಮಾರೋವಿಂಡ್‌ನಲ್ಲಿ ನಡುವಿನ ಕೆಂಪು ಬೆಟ್ಟಕ್ಕೆ ಹೊಸಬ ಹೋದರೆ ಸಾಯುವುದು ಖಚಿತ. ಬೆಟ್ಟ ಯಾರಿಗೂ ಕಾಯುವುದಿಲ್ಲ. ಒಬ್ಲಿವಿಯನ್‌ನಲ್ಲಿ ಲೋಕವೇ ಆಡುವವರ ಜೊತೆ ಬೆಳೆಯುತ್ತದೆ. ನಾಯಕ ಬಲಿತಂತೆ ಕಾಡಿನ ತೋಳದ ಜಾಗಕ್ಕೆ ಕರಡಿ ಬರುತ್ತದೆ, ದಾರಿಗಳ್ಳರು ಭಾರಿ ಬೆಲೆಯ ಗಾಜಿನ ಕವಚ ತೊಟ್ಟು ಬಂದು ನೂರು ನಾಣ್ಯ ಕೊಡೆಂದು ಅಡ್ಡಗಟ್ಟುತ್ತಾರೆ. ಕವಚ ಮಾರಿದರೆ ಅವರ ಮೂರು ತಲೆಮಾರು ಕೂತು ಉಣ್ಣಬಹುದಿತ್ತು. ಸ್ಕೈರಿಮ್ ಈ ತಪ್ಪನ್ನು ಬಹುಮಟ್ಟಿಗೆ ತಿದ್ದಿಕೊಂಡು, ಒಂದೊಂದು ಜಾಗಕ್ಕೆ ಕೆಳಗಿನ ಮತ್ತು ಮೇಲಿನ ಮಿತಿ ಹಾಕಿತು.

ಕಥೆಯ ವಿಷಯಕ್ಕೆ ಬಂದರೆ ಹಳೆಯದರ ಕೈ ಮೇಲು. ಇಲ್ಲೂ ಈ ಸೀಮೆಯ ಉದಾಹರಣೆಯೇ ಒದಗುತ್ತದೆ. ಕಂಪಿಲಿಯ ರಾಜ್ಯ 1327ರಲ್ಲಿ ದೆಹಲಿಯ ಸೈನ್ಯಕ್ಕೆ ಬಿತ್ತು. ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್‌ಗೆ ಕಂಪಿಲರಾಯ ಆಶ್ರಯ ಕೊಟ್ಟದ್ದು ಕಾರಣ ಎನ್ನುತ್ತದೆ ಇತಿಹಾಸ. ನಂಜುಂಡ ಕವಿ ಹದಿನಾರನೆಯ ಶತಮಾನದಲ್ಲಿ ಬರೆದ ಸಾಂಗತ್ಯವೇ ಮೊದಲಾದ, ಕಂಪಿಲರಾಯನ ಮಗ ಕುಮಾರರಾಮನ ಕಥೆಗಳಲ್ಲಿ ಸುಲ್ತಾನನ ಮಗಳು ಬಾಬಮ್ಮ ರಾಮನಿಗೆ ಮನಸೋತದ್ದು, ಮಲತಾಯಿ ರತ್ನಾಜಿ ಹೊರಿಸಿದ ಅಪವಾದ ಇವೆಲ್ಲ ಮುಂದೆ ಬರುತ್ತವೆ. ಕುಮ್ಮಟದುರ್ಗ, ಹೊಸಮಲೆ, ಸಂಡೂರಿನ ಬೆಟ್ಟಗಳ ಸುತ್ತಿನ ಜನರ ಬಾಯಲ್ಲಿ ಕಥೆಗೆ ಇನ್ನೂ ಬೇರೆ ಮಗ್ಗುಲುಗಳಿವೆ. ಯಾರ ಮಾತು ನಿಜ ಎಂದು ತೀರ್ಪು ಕೊಡಲು ಸಾರಥಿ ಬರುವುದಿಲ್ಲ. ಮಾರೋವಿಂಡ್ ಹೆಣೆದಿರುವುದು ಇಂಥದೇ ಕಥೆಯನ್ನು. ನೆರೆವರ್ ಎಂಬ ಪ್ರಾಚೀನ ವೀರ ಯುದ್ಧದ ಗಾಯದಿಂದ ಸತ್ತ ಎನ್ನುತ್ತದೆ ಗುಡಿಯ ಪುಸ್ತಕ. ಜೊತೆಗಾರರೇ ಕೊಂದು, ಕದ್ದ ಶಕ್ತಿಯಿಂದ ದೇವರಾಗಿ ಕೂತರು ಎನ್ನುತ್ತಾರೆ ಬೂದಿಸೀಮೆಯ ಅಲೆಮಾರಿಗಳು. ಆ ದೇವರುಗಳಲ್ಲಿ ಒಬ್ಬನನ್ನು ಆಡುವವರು ಎದುರಿಗೇ ಕಂಡು ಮಾತಾಡಿಸಬಹುದು, ಆದರೂ ಅನುಮಾನ ಹರಿಯುವುದಿಲ್ಲ. ತಾನು ನೆರೆವರ್‌ನ ಪುನರ್ಜನ್ಮ ಹೌದೋ, ಭವಿಷ್ಯವಾಣಿಯ ಷರತ್ತುಗಳನ್ನು ಒಂದೊಂದಾಗಿ ಪೂರೈಸಿ ಆ ಸ್ಥಾನ ತುಂಬಿದವನೋ ಎಂಬುದೂ ಆಟ ಮುಗಿಯುವತನಕ ತೂಗಾಡುತ್ತಲೇ ಇರುತ್ತದೆ.

ಸ್ಕೈರಿಮ್‌ನಲ್ಲಿ ಈ ತೂಗಾಟಕ್ಕೆ ಎಡೆಯಿಲ್ಲ. ಶುರುವಾದ ಕೆಲವೇ ಗಂಟೆಗಳಲ್ಲಿ ಒಂದು ಡ್ರ್ಯಾಗನ್ ಸಾಯುತ್ತದೆ, ಅದರ ಆತ್ಮ ನಾಯಕನೊಳಗೆ ಸೇರುತ್ತದೆ, ಸುತ್ತ ನಿಂತ ಕಾವಲುಗಾರರು ಬೆರಗಾಗಿ ನೋಡುತ್ತಾರೆ. ಆಯ್ಕೆಯಾದವನು ಇವನೇ, ಸಂಶಯವಿಲ್ಲ. ಆ ನಾಡಿನ ಅಂತರ್ಯುದ್ಧದಲ್ಲಿ ಯಾರ ಪಕ್ಷ ಸರಿ ಎಂಬ ಪ್ರಶ್ನೆ ಮಾತ್ರ ಚೆನ್ನಾಗಿ ಉಳಿದುಕೊಂಡಿದೆ. ಅಭಿಮಾನಿಗಳು ಇಂದಿಗೂ ಅದರ ಮೇಲೆ ಕಿತ್ತಾಡುವುದರಲ್ಲಿ ಅರ್ಥವಿದೆ. ಹೊಸ ಆಟಗಳು ಆಡುವವರ ಮೇಲೆ ಇಟ್ಟ ಕಾವಲು ಇನ್ನೊಂದು ಕಡೆಯೂ ಕಾಣುತ್ತದೆ. ಮಾರೋವಿಂಡ್‌ನಲ್ಲಿ ಕಥೆಗೆ ಬೇಕಾದವನನ್ನೇ ಕೊಂದುಹಾಕಬಹುದು. ವಿಧಿಯ ಎಳೆ ಕಡಿದುಹೋಯಿತೆಂದು ಆಟ ಒಮ್ಮೆ ಎಚ್ಚರಿಸಿ, ಕೆಟ್ಟ ಲೋಕದಲ್ಲೇ ಮುಂದುವರಿಯುವುದಾದರೆ ಮುಂದುವರಿ ಎಂದು ಬಿಟ್ಟುಬಿಡುತ್ತದೆ. ಒಬ್ಲಿವಿಯನ್, ಸ್ಕೈರಿಮ್‌ಗಳಲ್ಲಿ ಅಂಥವರು ಸಾಯುವುದಿಲ್ಲ. ಎಷ್ಟು ಏಟು ಬಿದ್ದರೂ ಕುಸಿದು ಕೂತು, ದಣಿವಾರಿಸಿಕೊಂಡು ಎದ್ದುಬಿಡುತ್ತಾರೆ.

ಹೊಸತು ಗೆದ್ದದ್ದು ಬದುಕಿನ ಓಡಾಟದಲ್ಲಿ. ಮಾರೋವಿಂಡ್‌ನ ಅಂಗಡಿಯವ ಹಗಲೂ ರಾತ್ರಿ ಕಟ್ಟೆಯ ಹಿಂದೆ ಕಂಬದಂತೆ ನಿಂತೇ ಇರುತ್ತಾನೆ. ಒಬ್ಲಿವಿಯನ್‌ನಿಂದ ಈಚೆಗೆ ಅವನು ಬಾಗಿಲು ಹಾಕುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಸ್ಕೈರಿಮ್‌ನ ಹಿಮದ ಬೆಟ್ಟ, ಕಣಿವೆ, ಹೊಳೆಗಳನ್ನು ಜೋಡಿಸಿರುವ ರೀತಿಯೂ ಮೆಚ್ಚತಕ್ಕದ್ದು. ಯಾವ ದಿನ್ನೆ ಏರಿದರೂ ಇನ್ನೊಂದು ಗೋಪುರವೋ ಹೊಗೆಯೋ ಕಂಡು ಕಾಲು ಅತ್ತ ಎಳೆಯುತ್ತದೆ. ಕೆಲಸ ಮರೆತು, ಬಾಣ ಮರೆತು ಅಲೆದಾಗ ಸ್ಕೈರಿಮ್ ಅತ್ಯುತ್ತಮ ಆಟ. ಆರು ಕೋಟಿಗೂ ಹೆಚ್ಚು ಪ್ರತಿಗಳು ಸುಮ್ಮನೆ ಮಾರಾಟವಾಗಲಿಲ್ಲ.

ಬಾಣವಿಲ್ಲದ ಆಟಕ್ಕೆ ಈಗ ಕಾಲವಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. 2022ರಲ್ಲಿ ಜಪಾನಿನಿಂದ ಬಂದ ಎಲ್ಡನ್ ರಿಂಗ್ ಮಾಡಬೇಕಾದ ಕೆಲಸಗಳ ಪಟ್ಟಿಯನ್ನೂ ಕೊಡಲಿಲ್ಲ, ಕೋಟಿಗಟ್ಟಲೆ ಜನ ಕೊಂಡರು. 2023ರ ಬಾಲ್ಡರ್ಸ್ ಗೇಟ್ 3 ದಾಳವನ್ನು ಮುಚ್ಚಿಡುವ ಬದಲು ಪರದೆಯ ನಡುವೆ ಉರುಳಿಸಿ ತೋರಿಸಿತು. ಪ್ರಯತ್ನ ಸೋತರೆ ಯಾಕೆ ಸೋತಿತೆಂದು ಕಣ್ಣಾರೆ ಕಾಣುತ್ತದೆ. 2025ರ ಏಪ್ರಿಲ್‌ನಲ್ಲಿ ಒಬ್ಲಿವಿಯನ್ ಹೊಸ ಅಲಂಕಾರದಲ್ಲಿ ಮರಳಿತು. ಮುಖಗಳು ಬದಲಾದವು, ಬೆಳಕು ಬದಲಾಯಿತು, ಪಾತ್ರ ಬಲಿಯುವ ಲೆಕ್ಕ ಬದಲಾಯಿತು, ಓಟಕ್ಕೆ ವೇಗ ಬಂತು. ಬಾಣ ಮಾತ್ರ ಹಾಗೇ ಉಳಿದಿದೆ. ಅದನ್ನು ತೆಗೆಯಬೇಕಾದರೆ ಎಲ್ಲ ನಟರನ್ನೂ ಮತ್ತೆ ಕರೆಸಿ ದಾರಿ ಹೇಳಿಸಬೇಕಾಗುತ್ತಿತ್ತು.

ಹೊಸದಾಗಿ ಶುರುಮಾಡುವವರು ಸ್ಕೈರಿಮ್‌ನಿಂದ ಹಿಂದಕ್ಕೆ ನಡೆಯುವುದು ಸುಲಭ. ದುಬಾರಿ ಕಂಪ್ಯೂಟರ್ ಇಲ್ಲದವರಿಗೆ ಹಳೆಯ ಆಟಗಳೇ ವಾಸಿ. ಅರೀನಾವನ್ನು ಬೆಥೆಸ್ಡಾ 2004ರಲ್ಲಿ, ಡ್ಯಾಗರ್‌ಫಾಲನ್ನು 2009ರಲ್ಲಿ ಉಚಿತವಾಗಿ ಬಿಟ್ಟಿತು; ಡ್ಯಾಗರ್‌ಫಾಲನ್ನು ಇಂದಿನ ಯಂತ್ರಗಳಿಗೆ ಹೊಂದಿಸಿ ಅಭಿಮಾನಿಗಳು ಕಟ್ಟಿದ ಡ್ಯಾಗರ್‌ಫಾಲ್ ಯೂನಿಟಿಗೂ ದುಡ್ಡಿಲ್ಲ. ಮಾರೋವಿಂಡ್‌ಗೆ ಓಪನ್‌ಎಂಡಬ್ಲ್ಯು ಎಂಬ ಹೊಸ ಎಂಜಿನ್ ಇದೆ, ಅದೂ ಉಚಿತ; ಮೂಲ ಆಟವನ್ನು ಮಾತ್ರ ಕೊಳ್ಳಬೇಕು. 2002ರಲ್ಲಿ ಆ ಆಟದ ಪೆಟ್ಟಿಗೆಯೊಳಗೆ ಮಡಚಿದ ಕಾಗದದ ನಕ್ಷೆಯೊಂದು ಬರುತ್ತಿತ್ತು. ಈಗ ಅದಿಲ್ಲ, ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಪೆನ್ನು ಇಟ್ಟುಕೊಂಡು ಕೂರುವುದು ಒಳ್ಳೆಯದು.